ನುಡಿಸಿದವರ ಹೆಸರು

"ಇದನ್ನ ನುಡಿಸಿದ್ದು ಯಾರು ಅಂತ ಗೊತ್ತಾ ನಿಮಗೆ?"

ಶಿವರಂಜಿನಿ ಕೇಳಿದ ರೀತಿಗೆ ಊಟದ ಕೋಣೆಯಲ್ಲಿದ್ದವರ ನಗು ಅರ್ಧಕ್ಕೇ ನಿಂತಿತು.

ಚಾಮರಾಜನಗರದ ಆ ಸರ್ಕಾರಿ ಕಚೇರಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಾಗರತ್ನ ಮೇಡಂ ಒಂದು ಆಟ ಶುರುಮಾಡಿದ್ದರು. ಎಸ್ಸೆಸ್ಸೆಲ್ಸಿ ಓದುವಾಗ ಯಾವ ಹಾಡಿನ ಹುಚ್ಚು ಹಿಡಿದಿತ್ತೋ ಅದನ್ನು ಒಬ್ಬೊಬ್ಬರೂ ಮೊಬೈಲಿನಲ್ಲಿ ಹಾಕಿ ಕೇಳಿಸಬೇಕು. ಆವತ್ತು ಹೊಸದಾಗಿ ವರ್ಗವಾಗಿ ಬಂದಿದ್ದ ಹರವೆಯ ಸೋಮಶೇಖರನ ಸರದಿ. ಅವನು ಹಾಕಿದ್ದು ಸಿನಿಮಾದ ಹಾಡಲ್ಲ, ಯಾವುದೋ ಮದುವೆ ಮೆರವಣಿಗೆಯ ರೆಕಾರ್ಡಿಂಗು. ಡ್ರಮ್ಮು, ಪಟಾಕಿ, ಯಾರದೋ ಶಿಳ್ಳೆ... ಅದೆಲ್ಲದರ ನಡುವೆ ಒಂದು ಕ್ಲಾರಿನೆಟ್.

"ಏನಪ್ಪ ಇದು, ಬ್ಯಾಂಡ್‌ಸೆಟ್ಟೋರ ಹಾಡು?" ಎಂದು ನಾಗರತ್ನ ನಕ್ಕಿದ್ದರು. ಎಲ್ಲರೂ ನಕ್ಕಿದ್ದರು.

ಸೋಮಶೇಖರ ಬೇಸರಪಟ್ಟುಕೊಳ್ಳಲಿಲ್ಲ. "ನಮ್ಮಣ್ಣನ ಮದುವೇಲಿ ಕೀಪ್ಯಾಡ್ ಮೊಬೈಲಲ್ಲಿ ಹಿಡ್ಕೊಂಡಿದ್ದು ಮೇಡಂ. ಚರಣದಲ್ಲಿ ನೋಡಿ, ಹಾಡು ಇಳೀಬೇಕಾದ ಕಡೆ ಇವರು ಏರ್ತಾರೆ. ಆಮೇಲೆ ಅಸಲಿ ಹಾಡು ಕೇಳಿದ್ರೆ ನಂಗೆ ಸಪ್ಪೆ ಅನ್ನಿಸ್ತು. ಪರೀಕ್ಷೆ ಭಯಕ್ಕೆ, ಫೇಲಾದ ದುಃಖಕ್ಕೆ, ಎಲ್ಲಕ್ಕೂ ಇದೇ ಒಂದು ಹಾಡು."

ಆಗಲೇ ಶಿವರಂಜಿನಿ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಇಳಿಸಿ ಆ ಪ್ರಶ್ನೆ ಕೇಳಿದ್ದು.

"ಗೊತ್ತಿಲ್ಲ," ಎಂದ ಸೋಮಶೇಖರ. "ಗುಂಡ್ಲುಪೇಟೆ ಕಡೆಯ ಬ್ಯಾಂಡ್‌ನೋರು ಯಾರೋ..."

"ಯಾರೋ ಅಲ್ಲ. ತೆರಕಣಾಂಬಿ ಹತ್ರದ ಮಾದಣ್ಣ. ನಮ್ಮಪ್ಪ."

ಅವಳ ತಲೆ ಒಂದಿಷ್ಟೂ ಬಾಗಿರಲಿಲ್ಲ. ಸೋಮಶೇಖರ ಎದ್ದು ನಿಂತುಬಿಟ್ಟಿದ್ದ, ಮಾದಣ್ಣನೇ ಬಾಗಿಲಲ್ಲಿ ಬಂದು ನಿಂತಿದ್ದಾನೆ ಎಂಬಂತೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನೇ ಹತ್ತಿರ ಬಂದ.

"ಒಂದೇ ಒಂದು ವಿಷಯ ಕೇಳ್ಲಾ? ಅಲ್ಲಿ ಯಾಕೆ ಏರ್ಸಿದ್ರು ನಿಮ್ಮಪ್ಪ?"

ಅವಳಿಗೆ ನಗು ಬಂತು. "ಹೆಣ್ಣು ಕಳಿಸೋ ಹೊತ್ನಲ್ಲಿ ಆ ಹಾಡು ಇಳಿದ್ರೆ ಎಲ್ಲಾ ಅತ್ತುಬುಡ್ತಾರಂತೆ. ಅದಕ್ಕೇ ಏರಿಸೋದು ಅಂತಿದ್ರು."

ಅವನು ಹದಿನಾಲ್ಕು ವರ್ಷ ಹುಡುಕಿದ ಉತ್ತರ ಅದು. ಅವನ ಮುಖದಲ್ಲಿ ಮೂಡಿದ ಸಂತೋಷ ನೋಡಿ ಶಿವರಂಜಿನಿಗೆ ಒಳಗೆಲ್ಲೋ ಬೆಚ್ಚಗಾಯಿತು.

ಅಲ್ಲಿಂದ ಮುಂದೆ ಸಂಜೆಗಳೆಲ್ಲ ಹಾಡಿನ ಸಂಜೆಗಳಾದವು. ಬಸ್ಸಿಗೆ ಕಾಯುತ್ತಾ ಒಂದು ಇಯರ್‌ಫೋನನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಅರಿಶಿನದ ಹೊಲದಲ್ಲಿ ಅಣ್ಣನ ಟ್ರಾಕ್ಟರಿನ ಸೌಂಡ್ ಬಾಕ್ಸಿನಿಂದ ಕಲಿತ ಹಾಡುಗಳನ್ನು ಅವನು ಕೇಳಿಸುತ್ತಿದ್ದ. ಗುಂಡ್ಲುಪೇಟೆಯ ಹಾಸ್ಟೆಲಿನಲ್ಲಿ ಓದಿದ ಅವಳಿಗೆ, ರಸ್ತೆಯಲ್ಲಿ ನಿಲ್ಲುತ್ತಿದ್ದ ಕೇರಳದ ಬತ್ತೇರಿ ಬಸ್ಸುಗಳಿಂದ ತೇಲಿ ಬರುತ್ತಿದ್ದ ಮಲಯಾಳಂ ಹಾಡುಗಳು ಬಾಯಿಪಾಠವಾಗಿದ್ದವು.

"ಅರ್ಥ ಗೊತ್ತಾ?"

"ಒಂದಕ್ಷರಾನೂ ಗೊತ್ತಿಲ್ಲ. ಆದ್ರೆ ಅತ್ತಿದ್ದೀನಿ."

"ನಿಮ್ಮ ಹೆಸರು ರಾಗದ್ದಲ್ವಾ?"

"ಅಪ್ಪ ಇಟ್ಟಿದ್ದು. ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಕೇಳಿದ್ರಂತೆ, ನಿನ್ ಮಗಳಿಗೆ ಇಂಥ ಹೆಸರು ಯಾಕಯ್ಯಾ ಅಂತ. ನಂಗೆ ಬಾರ್ಸಕ್ಕೆ ಬತ್ತದೆ, ಅದಕ್ಕೇ ಇಟ್ಟೆ ಸಾ, ಅಂದ್ರಂತೆ."

ಅದನ್ನು ಹೇಳುವಾಗ ಅವಳ ಕಣ್ಣು ಹೊಳೆಯುತ್ತಿತ್ತು. ಸೋಮಶೇಖರ ಹಾಡು ಕೇಳುವುದನ್ನು ಬಿಟ್ಟು ಆ ಕಣ್ಣನ್ನೇ ನೋಡುತ್ತಿದ್ದ. ಇಬ್ಬರಿಗೂ ತಿಳಿದಿತ್ತು... ಇಬ್ಬರೂ ಬಾಯಿಬಿಡಲಿಲ್ಲ.

ಒಂದು ದಿನ ಅವನು ಓಡುತ್ತಲೇ ಬಂದ.

"ನಮ್ಮ ರೂಪಶ್ರೀ ಮದುವೆ ಗೊತ್ತಾಯ್ತು. ಗುಂಡ್ಲುಪೇಟೇಲೇ ಛತ್ರ. ಶಿವರಂಜಿನಿ, ನಿಮ್ಮಪ್ಪನ್ನ ಕರೆಸ್ಬೇಕು. ನನ್ ತಂಗಿ ಮದುವೇಲಿ ಅವರ ಕ್ಲಾರಿನೆಟ್ಟೇ ಆಗ್ಬೇಕು."

ಅವಳು ಕಿವಿಯಿಂದ ಇಯರ್‌ಫೋನ್ ತೆಗೆದಳು.

"ಎಲ್ಲಿ ನಿಲ್ಲಿಸ್ತೀರಾ ಅವರನ್ನ?"

"ಅಂದ್ರೆ?"

"ನಿಮ್ಮಣ್ಣನ ಮದುವೆಗೆ ನಾನೂ ಬಂದಿದ್ದೆ. ಹದಿಮೂರು ವರ್ಷ ನಂಗೆ. ಅಪ್ಪನ ವಾದ್ಯದ ಪೆಟ್ಟಿಗೆ ಹಿಡ್ಕೊಂಡು ಹರವೇಲಿ ಬೀದಿ ಪೂರ್ತಿ ನಡೆದೆ. ನೀವೆಲ್ಲ ಚಪ್ಪರದೊಳಗೆ ಉಂಡ್ರಿ. ನಮಗೆ ಎಲ್ಲರದೂ ಆದ್ಮೇಲೆ, ಕೊಟ್ಟಿಗೆ ಹಿಂದ್ಗಡೆ ಎಲೆ ಹಾಕಿದ್ರು. ನೀರನ್ನ ಮೇಲಿಂದ ಕೈಗೆ ಹುಯ್ದ್ರು." ಅವಳ ಧ್ವನಿ ಏರಲಿಲ್ಲ. "ನೀವು ರಾಗ ಹಿಡ್ಕೊಂಡ್ರಿ ಸೋಮಶೇಖರ್. ನುಡಿಸಿದೋರು ಎಲ್ಲಿ ಉಂಡ್ರು ಅಂತ ನೋಡ್ಲಿಲ್ಲ."

ಅವನು ಏನಾದರೂ ಹೇಳಲಿ ಎಂದು ಅವಳು ಕಾದಳು. ತೆರಕಣಾಂಬಿ ಬಸ್ಸು ಬಂತು. ಅವನು ಸುಮ್ಮನೇ ನಿಂತಿದ್ದ.

'ಗೊತ್ತಾಯ್ತು ಬಿಡು. ಇವನೂ ಅಷ್ಟೇ,' ಎಂದುಕೊಂಡು ಅವಳು ಬಸ್ ಹತ್ತಿದಳು.

ಮರುದಿನದಿಂದ ಅವಳು ಕಡತದ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಎರಡು ವಾರದ ನಂತರ ನಾಗರತ್ನ ಮೇಡಂ ಕೈಯಲ್ಲಿ ಅರಿಶಿನ ಹಚ್ಚಿದ ಲಗ್ನಪತ್ರಿಕೆ ಇತ್ತು. "ಸೋಮಶೇಖರ್ ಕೊಟ್ರು. ಆಫೀಸಲ್ಲಿ ಎಲ್ರಿಗೂ ಕೊಟ್ಟಿದ್ದಾರೆ. ನಿಂಗೂ ಕೊಟ್ರು ತಾನೇ?"

"ಹೂಂ," ಎಂದಳು ಶಿವರಂಜಿನಿ.

ಅವಳಿಗೆ ಕೊಟ್ಟಿರಲಿಲ್ಲ. ಅಳಬಾರದು, ಇವರ ಮುಂದೆ ಅಳಲೇಬಾರದು... ಎಂದು ಕಂಪ್ಯೂಟರಿನ ಪರದೆಯನ್ನೇ ನೋಡುತ್ತಾ ಕುಳಿತಳು.

ಶನಿವಾರ ಮಧ್ಯಾಹ್ನ ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಒಳಗೆ ನಡುಮನೆಯಲ್ಲಿ ಸೋಮಶೇಖರ ಕುಳಿತಿದ್ದ. ಮಾದಣ್ಣನ ಪಕ್ಕದಲ್ಲೇ ಚಾಪೆ ಮೇಲೆ ಕುಳಿತು ಮುದ್ದೆ, ಉಪ್ಸಾರು ಉಣ್ಣುತ್ತಿದ್ದ. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಿದ್ದ. ಅವ್ವ ಸಣ್ಣತಾಯಮ್ಮ ಇನ್ನೊಂದು ಮುದ್ದೆ ಹಿಡಿದು ನಿಂತಿದ್ದಳು.

"ಬಾರವ್ವ," ಎಂದ ಮಾದಣ್ಣ. "ಇವ್ರು ಲಗ್ನಪತ್ರಿಕೆ ತಂದವ್ರೆ. ನಾನು ಬುದ್ದಿ ಅಂತ ಕೈ ಮುಗುದ್ರೆ, ಅಂಗ್ ಅನ್ಬ್ಯಾಡಿ ಅಂತ ಕೈ ಹಿಡ್ಕಂಡ್ಬುಟ್ರು."

ಊಟ ಮುಗಿಸಿ, ಎಲ್ಲರೂ ಕೇಳುವಂತೆ ಸೋಮಶೇಖರ ಹೇಳಿದ. "ಆವತ್ತು ನಮ್ಮನೇಲಿ ಆಗಿದ್ದು ತಪ್ಪು. ನಾನೂ ಅಲ್ಲೇ ಇದ್ದೆ, ನೋಡ್ಲಿಲ್ಲ. ಇವರು ಹೇಳ್ದಾಗ ನಂಗೆ ನಾಚಿಕೆಯಿಂದ ಮಾತೇ ಬರ್ಲಿಲ್ಲ. ಬಾಯಿಮಾತು ಸಾಲದು ಅಂತ ಮೊದ್ಲು ಮನೇಲಿ ಕೇಳ್ದೆ. ಅಪ್ಪ ನನ್ನ ಹತ್ರ ಮಾತು ಬಿಟ್ಟು ಹನ್ನೊಂದು ದಿನ ಆಯ್ತು. ಆದ್ರೆ ರೂಪ ಹಟ ಹಿಡಿದ್ಲು. ಅವರು ವೇದಿಕೆ ಮೇಲೆ ಕೂರದಿದ್ರೆ ನಾನೂ ಹಸೆಮಣೆ ಮೇಲೆ ಕೂರಲ್ಲ ಅಂದ್ಲು."

ಮಾದಣ್ಣ ಗೋಡೆಗೆ ಒರಗಿಕೊಂಡ.

"ಆವತ್ತು ನಾನು ಉಣ್ಲಿಲ್ಲ ಕಣಪ್ಪ. ಮಗಳು ಹಸ್ಕಂಡಿದ್ಲು, ಅವಳ್ಗೆ ಉಣ್ಣಿಸ್ದೆ, ಎದ್ದು ಬಂದೆ. ಈಗ ಬತ್ತೀನಿ. ಕುರ್ಚಿ ಮ್ಯಾಲೆ ಕುಂತು ನುಡಿಸ್ತೀನಿ, ಎಲ್ಲಾರ್ ಸಾಲ್ನಲ್ಲಿ ಕುಂತು ಉಣ್ತೀನಿ. ಯಾರಾದ್ರೂ ಎದ್ದೋದ್ರೆ ಓಗ್ಲಿ. ನಾನು ಏಳಾಕಿಲ್ಲ."

ಅಪ್ಪ ಆವತ್ತು ಉಂಡಿರಲಿಲ್ಲ ಎಂಬುದು ಶಿವರಂಜಿನಿಗೆ ಈ ಗಳಿಗೆಯವರೆಗೂ ತಿಳಿದಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡಳು.

ಮದುವೆಯ ದಿನ ಬೆಳಿಗ್ಗೆ ಗುಂಡ್ಲುಪೇಟೆಯ ಛತ್ರ ತುಂಬಿತ್ತು. ಮುಹೂರ್ತಕ್ಕೆ ಇನ್ನೂ ಒಂದು ಗಂಟೆ ಇತ್ತು. ಸೋಮಶೇಖರ ಮೈಕ್ ಹಿಡಿದು, "ನಾನು ಹೈಸ್ಕೂಲಿಂದ ಕೇಳ್ಕೊಂಡು ಬೆಳೆದ ವಿದ್ವಾಂಸರು, ತೆರಕಣಾಂಬಿಯ ಮಾದಣ್ಣನವರು," ಎಂದ.

ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮಾದಣ್ಣ ವೇದಿಕೆಯ ಮೇಲೆ ಕುಳಿತು ಕ್ಲಾರಿನೆಟ್ ತುಟಿಗಿಟ್ಟ. ಮೊದಲು ಯಾರೂ ಮಾತು ನಿಲ್ಲಿಸಲಿಲ್ಲ. ಆಮೇಲೆ ಒಂದೊಂದೇ ಸಾಲು ಸುಮ್ಮನಾಯಿತು. ಹಿಂದೆ ಕುಳಿತ ಮುದುಕರು ಕತ್ತು ಎತ್ತಿ ನೋಡಿದರು. ಕೊನೆಗೆ ಮಕ್ಕಳೂ ಓಡುವುದನ್ನು ಬಿಟ್ಟರು. ಉಸಿರು ಮೊದಲಿನಷ್ಟು ಉದ್ದವಿರಲಿಲ್ಲ, ಎರಡು ಕಡೆ ನಿಲ್ಲಿಸಿ ಉಸಿರೆಳೆದುಕೊಂಡ. ಆದರೆ ಸ್ವರ ಒಂದೂ ಜಾರಲಿಲ್ಲ.

ಶಿವರಂಜಿನಿ ಪಕ್ಕದಲ್ಲಿದ್ದ ನಾಗರತ್ನ ಮೇಡಂ ಅವಳ ಕೈ ಒತ್ತಿ, "ಆವತ್ತು ನಕ್ಕುಬಿಟ್ಟೆ ಕಣೇ ನಾನು," ಎಂದರು.

"ಪರವಾಗಿಲ್ಲ ಬಿಡಿ ಮೇಡಂ. ಈಗ ಕೇಳಿ."

ಊಟದ ಹಾಲ್‌ನಲ್ಲಿ ಮಾದಣ್ಣ ಸಾಲಿನ ಮಧ್ಯದಲ್ಲೇ ಕುಳಿತ. ಇಬ್ಬರು ಎದ್ದು ಹೋದರು. ಸೋಮಶೇಖರನ ತಂದೆ ಗುರುಪಾದಸ್ವಾಮಿ ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬರಲಿಲ್ಲ, ಏನೂ ಅನ್ನಲೂ ಇಲ್ಲ. ಆದರೆ ತಾಯಿ ಶಿವರುದ್ರಮ್ಮ ಬಡಿಸುವವನ ಕೈಯಿಂದ ತಟ್ಟೆ ಇಸಿದುಕೊಂಡು ಬಂದು ಮಾದಣ್ಣನ ಎಲೆಯ ಮುಂದೆ ಬಾಗಿದರು.

"ಇನ್ನೊಂದು ಒಬ್ಬಟ್ಟು ಹಾಕುಸ್ಕಳಿ. ಬ್ಯಾಡ ಅನ್ಬೇಡಿ."

"ಆಗ್ಲಿ ಕಣವ್ವ, ಹಾಕಿ," ಎಂದ ಮಾದಣ್ಣ.

ಶಿವರಂಜಿನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಎದೆ ತುಂಬಿ ಹೊರಗೆ ಬಂದಳು. ಬೇವಿನ ಮರದ ನೆರಳಲ್ಲಿ ಸೋಮಶೇಖರ ಒಬ್ಬನೇ ನಿಂತಿದ್ದ. ಅವನ ಕಣ್ಣೂ ಕೆಂಪಾಗಿತ್ತು.

"ಎಲ್ರಿಗೂ ಪತ್ರಿಕೆ ಕೊಟ್ರಿ. ನಂಗ್ಯಾಕೆ ಕೊಡ್ಲಿಲ್ಲ?" ಎಂದಳು.

"ನೆಂಟರಿಷ್ಟರಿಗೆ ಮನೆಗೇ ಹೋಗಿ ಕೊಡ್ಬೇಕಲ್ವಾ? ಆಫೀಸಲ್ಲಿ ಕೊಟ್ರೆ ಮರ್ಯಾದೆ ಆಗ್ತಿತ್ತಾ?"

ಅವಳೂ ಬಂದು ಆ ನೆರಳಲ್ಲಿ ನಿಂತಳು.

"ಶಿವರಂಜಿನಿ... ನಮ್ಮಪ್ಪ ಒಪ್ಪೋದು ತಡ ಆಗ್ಬಹುದು. ಒಪ್ಪದೇನೂ ಇರಬಹುದು. ನಾನು ಕಾಯ್ತೀನಿ, ಆದ್ರೆ ಹಿಂದೆ ಸರಿಯಲ್ಲ. ನನ್ನ ಮದುವೆ ಆಗ್ತೀಯಾ?"

"ನಮ್ಮಪ್ಪನ್ನ ಕೇಳಿದ್ರಾ?"

"ಇಲ್ಲ. ಮೊದ್ಲು ನಿನ್ನ ಕೇಳ್ತಿದ್ದೀನಿ. ಅವರು ಏನಂತಾರೆ?"

"ಒಂದೇ ಮಾತು ಕೇಳ್ತಾರೆ. ನಿಂಗೆ ಇಷ್ಟವೇನವ್ವಾ ಅಂತ."

"ನೀನೇನಂತೀಯ?"

ಅವಳು ತಲೆ ತಗ್ಗಿಸಲಿಲ್ಲ. ಅವನ ಕಣ್ಣನ್ನೇ ನೋಡಿದಳು.

"ಇಷ್ಟ ಕಣಪ್ಪ ಅಂತೀನಿ. ನೀವೂ ಬನ್ನಿ, ಜೊತೇಲೇ ಹೇಳನ."