ಹರ್ಷಿತಾ ತೋಡಿದ ಹಿಮದ ಗುಂಡಿ

“ಸ್ಟಾಪ್! ಯಾರೂ ಹತ್ತಬೇಡಿ!”

ಹರ್ಷಿತಾ ಎರಡೂ ಕೈ ಚಾಚಿ ಅಡ್ಡ ನಿಂತಳು. ನ್ಯೂಜೆರ್ಸಿಯ ಪಾರ್ಸಿಪನಿ ಊರಿನ ಅವರ ಅಪಾರ್ಟ್‌ಮೆಂಟಿನ ಹಿಂದಿನ ಕಡಿದಾದ ದಿಬ್ಬದ ಕೆಳಗೆ ಆರು ಮಕ್ಕಳು ಹಿಮದ ಮೇಲೆ ಜಾರುವ ಸ್ಲೆಡ್ ಹಿಡಿದು ಕಾಯುತ್ತಿದ್ದರು. ಹಿಂದಿನ ದಿನವೆಲ್ಲ ಹಿಮ ಸುರಿದು ಸ್ಕೂಲಿಗೆ ರಜೆ ಬೇರೆ. ಇಂಥ ದಿನ ತಡೆದರೆ ಯಾರಿಗೆ ತಾನೇ ಸಿಟ್ಟು ಬರದು?

“ಅವಲಾಂಚ್ ಆಗಬಹುದು, ಹಿಮ ಎಲ್ಲ ಒಟ್ಟಿಗೇ ಜಾರಿ ಬೀಳಬಹುದು. ಗುಂಡಿ ತೋಡಿ ಲೇಯರ್ಸ್ ನೋಡ್ಬೇಕು ಅಂತ ನಮ್ಮ ಟೀಚರ್ ಹೇಳಿದಾರೆ.”

“ನ್ಯೂಜೆರ್ಸೀಲಿ ಅವಲಾಂಚಾ?” ಗೆಳತಿ ಸಲ್ಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಪ್ರೂವ್ ಮಾಡು! ಆಗ್ಲಿಲ್ಲ ಅಂದ್ರೆ ವಿಂಟರ್ ಪೂರ್ತಿ ನಿನ್ನ ಹೆಸರು ಅವಲಾಂಚ್ ಆಂಟಿ!”

ಹರ್ಷಿತಾಗೆ ಮೈಯೆಲ್ಲ ಉರಿಯಿತು. ದಿಬ್ಬದ ಅಂಚಿನಲ್ಲಿ ಮನೆಯಿಂದ ತಂದಿದ್ದ ಸಾರಿನ ಸೌಟಿನಿಂದಲೇ ಗುಂಡಿ ತೋಡಿದಳು. ಮೇಲೆ ಗಾಳಿಗೆ ಬಿಗಿದ ಗಟ್ಟಿ ಪದರ, ಕೆಳಗೆ ಸಡಿಲವಾದ ಕಾಳು. ಅಪ್ಪನ ಬೂಟು ಮೆಟ್ಟಿಕೊಂಡು ಬಂದ ಅಜ್ಜಿ ವೀರಬಸಮ್ಮ ಆ ಕಾಳನ್ನು ಬೆರಳಲ್ಲಿ ಹೊಸಕಿ ನೋಡಿದರು. ಅಂಗಡಿಯಲ್ಲಿ ರವೆ ನೋಡುವುದೂ ಅವರು ಹೀಗೆಯೇ.

“ಇದು ದಪ್ಪ ರವಾ! ಒಂದಕ್ಕೊಂದು ಅಂಟಂಗಿಲ್ಲ. ಇದರ ಮ್ಯಾಲ ಅಷ್ಟು ದೊಡ್ಡ ರೊಟ್ಟಿ ಕುಂತೈತಿ. ಜಾರದೇ ಏನ್ ಮಾಡ್ತೈತಿ?” ಎಂದು ಮಕ್ಕಳನ್ನೆಲ್ಲ ಆಚೆಗೆ ಎಳೆದರು.

ಅಷ್ಟರಲ್ಲಿ ಅಪ್ಪ ನಾಗರಾಜ ಬಂದರು. ಅವರ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ೨೦೦೦ ಇಸವಿ ಬಂದರೆ ಕಂಪ್ಯೂಟರ್‌ಗಳೆಲ್ಲ ಕೆಡುತ್ತವೆ ಎಂಬ ವೈಟುಕೆ ಗಲಾಟೆಯ ಆ ದಿನಗಳಲ್ಲಿ ಮನೆಯ ಮಿಕ್ಸಿಯನ್ನೂ ಟೆಸ್ಟ್ ಮಾಡದೆ ಬಿಡುತ್ತಿರಲಿಲ್ಲ ಪುಣ್ಯಾತ್ಮ!

“ಜಗಳ ಯಾಕ? ನಾನೇ ಟೆಸ್ಟ್ ಮಾಡ್ತೀನಿ,” ಎಂದು ಪಕ್ಕದ ಮೆಟ್ಟಿಲಿನಿಂದ ದಿಬ್ಬ ಹತ್ತಿಯೇಬಿಟ್ಟರು.

“ಬ್ಯಾಡೋ ನಾಗ್ಯಾ!” ಅಜ್ಜಿ ಕೂಗಿದರು.

ಹರ್ಷಿತಾ ಮಾತ್ರ ಮನಸ್ಸಿನಲ್ಲೇ ‘ಜಾರಲಿ, ಜಾರಲಿ’ ಎಂದು ಜಪಿಸುತ್ತಿದ್ದಳು.

ಅಪ್ಪ ಹಿಮದ ಮೇಲೆ ಒಮ್ಮೆ ಹಾರಿದರು. ಏನೂ ಆಗಲಿಲ್ಲ. “ನೋಡಿದ್ರಾ?” ಎಂದು ಇನ್ನೊಮ್ಮೆ ಹಾರಿದರು.

ಧಡ್! ದಿಬ್ಬದ ಹಿಮವೆಲ್ಲ ಚಾಪೆ ಎಳೆದ ಹಾಗೆ ಜಾರಿತು. ಅಪ್ಪ ಅದರ ಮೇಲೆ ಕುಳಿತೇ ಸರ್ರನೆ ಬಂದು ಬೇಲಿಯ ಬಳಿ ಮಾಯವಾದರು. ಟೋಪಿಯೊಂದೇ ಕಾಣುತ್ತಿತ್ತು.

“ಅಪ್ಪಾ!”

ಹಿಮದೊಳಗಿಂದ ಅವರ ಪೇಜರ್ ಕೀಂ ಕೀಂ ಎಂದಿತು. ಎಲ್ಲರೂ ಓಡಿಹೋಗಿ ಕೆದಕಿದರು. ಮೂಗಿನ ತುಂಬ ಹಿಮ ತುಂಬಿಕೊಂಡ ಮುಖ ಹೊರಬಂತು.

“ಟೆಸ್ಟ್ ಫೇಲ್,” ಎಂದರು ಅಪ್ಪ.

ಮಕ್ಕಳು ಬಿದ್ದು ಬಿದ್ದು ನಕ್ಕರು. “ಹರ್ಷಿತಾ, ಯೂ ವರ್ ರೈಟ್!” ಎಂದು ಸಲ್ಮಾ ಕುಣಿದಳು.

ಬೆಳಗಿನಿಂದ ಹರ್ಷಿತಾಗೆ ಬೇಕಾಗಿದ್ದದ್ದು ಆ ಮಾತೊಂದೇ. ಈಗ ಅವಳು ಅಪ್ಪನ ಕಾಲರ್‌ನೊಳಗೆ ಕೈ ಹಾಕಿ ಹಿಮ ತೆಗೆಯುವುದರಲ್ಲೇ ಇದ್ದಳು. ಬರೀ ಟೋಪಿ ಕಂಡ ಆ ಗಳಿಗೆಯಲ್ಲಿ, ತಾನು ಹೇಳಿದ್ದೆಲ್ಲ ಸುಳ್ಳಾಗಿದ್ದರೆ ಸಾಕಿತ್ತು ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು.