ಎರಡನೇ ಪುಟದ ಮಾರ್ಜಿನ್

ಆಗಸ್ಟ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಕುರ್ಲಾದ ಪೊಲೀಸ್ ಠಾಣೆಗೆ ಜೇಬುನ್ನೀಸಾ ಎಂಬ ಅರವತ್ತೆರಡರ ವಿಧವೆ ಬಂದಳು. ಪೆಟಿಕೋಟ್ ಹೊಲಿದು ಹೊಟ್ಟೆ ಹೊರೆಯುವ ಹೆಂಗಸು. ಅವಳ ಒಂದು ಕೋಣೆಯ ಖೋಲಿಯಿದ್ದ ಚಾಳನ್ನು ಕೆಡವಿ ಹೊಸ ಬಿಲ್ಡಿಂಗ್ ಎಬ್ಬಿಸಿದ್ದರು. ಶನಿವಾರ ಕೀಲಿ ಕೊಡುವವರಿದ್ದರು, ಆದರೆ ಪಟ್ಟಿಯಲ್ಲಿ ಅವಳ ಹೆಸರೇ ಇರಲಿಲ್ಲ. ಎರಡು ವರ್ಷದ ಹಿಂದೆ ಅವಳು ಹೆಬ್ಬೆಟ್ಟು ಒತ್ತಿದ ಕರಾರಿನ ಎರಡನೇ ಪುಟದಲ್ಲಿ ಹಳೆಯ ಖೋಲಿಯ ಹಕ್ಕುದಾರ ಅವಳ ತಮ್ಮ ಗೌಸ, ಹೊಸ ಮನೆಯೂ ಅವನದೇ ಎಂದಿತ್ತು. ಶನಿವಾರ ದಾಟಿದರೆ ಜೇಬುನ್ನೀಸಾಳಿಗೆ ಬೀದಿಯೇ ಗತಿ.

ಇನ್‌ಸ್ಪೆಕ್ಟರ್ ಈಶ್ವರ ಹಂಚಿನಾಳ ಹುಟ್ಟಿದ್ದು ದಾದರಿನಲ್ಲಾದರೂ ಮನೆತನ ವಿಜಯಪುರದ್ದು. ಅವನ ಬಾಯಲ್ಲಿ ತನ್ನ ಊರ ಕಡೆಯ ಕನ್ನಡ ಕೇಳಿ ಅವಳಿಗೆ ಹೋದ ಜೀವ ಬಂದಂತಾಯಿತು.

"ತಮ್ಮನ ಮ್ಯಾಲೆ ಅನುಮಾನ ಐತೇನ್ರಿ?"

"ಇಲ್ರಿ ಸಾಹೇಬ್ರ. ಅಂವ ನನ್ನ ಕೈಯಾಗ ಬೆಳದಾಂವ. ಆಫೀಸಿನವರ ಗಲತಿ ಇರ್ಬೇಕು. ಅಂವನ ಹೆಸರು ಬರೀಬ್ಯಾಡ್ರಿ."

"ಅವನ್ನ ಕೇಳಿದ್ರೇನು?"

"ಫೋನ್ ಎತ್ತವಲ್ಲ. ಕೆಲಸದಾಗ ಇರ್ಬೇಕು."

ಅವಳು ಅದನ್ನು ನಂಬಿಯೇ ಹೇಳಿದ್ದಳು. ಈಶ್ವರನಿಗೆ ಮಾತ್ರ ಮನಸ್ಸು ಕಸಿವಿಸಿಯಾಯಿತು. ಅಪರಿಚಿತ ವ್ಯಕ್ತಿಯ ವಿರುದ್ಧ ಎಫ್‌ಐಆರ್ ಆಯಿತು.

ಹನ್ನೆರಡೂಕಾಲಿಗೆ ಕಾನ್‌ಸ್ಟೇಬಲ್ ಚೆನ್ನಯನೊಂದಿಗೆ ಅವನು ಆ ಬಿಲ್ಡಿಂಗಿನ ಸೊಸೈಟಿ ಆಫೀಸಿಗೆ ಹೋದ. ಗುಮಾಸ್ತ ಅಮಿತ ಫೈಲು ತಂದಿಟ್ಟ. ದಾರ ಕಟ್ಟಿದ ನಾಲ್ಕು ಹಾಳೆ, ಮರಾಠಿಯಲ್ಲಿ. ಹೆಬ್ಬೆಟ್ಟು ಕೊನೆಯ ಪುಟದಲ್ಲಿ ಮಾತ್ರ.

"ಟೈಪ್ ಮಾಡಿದ್ದು ಯಾರು?"

"ನಾನೇ ಸರ್. ಕಾಗದ ಉಳೀಲಿ ಅಂತ ಮಾರ್ಜಿನ್ ಅರ್ಧ ಇಂಚಿಗೆ ಇಳಿಸಿದ್ದೀವಿ."

ಅದು ಕಾಣುತ್ತಲೇ ಇತ್ತು. ಒಂದು, ಮೂರು, ನಾಲ್ಕನೇ ಪುಟಗಳಲ್ಲಿ ಪಂಚಿಂಗ್ ತೂತು ಸಾಲಿನ ಮೊದಲ ಅಕ್ಷರಗಳನ್ನು ನುಂಗಿಹಾಕಿತ್ತು. ಎರಡನೇ ಪುಟದಲ್ಲಿ ಎಡಕ್ಕೆ ಎರಡು ಬೆರಳು ಜಾಗ ಖಾಲಿ. ತೂತು ಬಿಳಿ ಕಾಗದದಲ್ಲಿತ್ತು, ಒಂದಕ್ಷರವೂ ಕೆಟ್ಟಿರಲಿಲ್ಲ.

"ಇದೊಂದಕ್ಕೇ ಯಾಕೆ ಇಷ್ಟು ಜಾಗ?"

ಅಮಿತ ಹಾಳೆಯನ್ನು ತನ್ನತ್ತ ಎಳೆದುಕೊಂಡ. "ಇದು ನನ್ನ ಟೈಪಿಂಗ್ ಅಲ್ಲ ಸರ್." ಅವಸರವಸರವಾಗಿ ರಿಜಿಸ್ಟರ್ ತೆಗೆದ. ಜುಲೈ ಇಪ್ಪತ್ತೊಂಬತ್ತರಂದು ಅಕ್ಕನ ಪರವಾಗಿ ಝೆರಾಕ್ಸಿಗೆಂದು ಗೌಸ ಫೈಲು ಒಯ್ದಿದ್ದ, ಎರಡು ತಾಸು.

ಚೆನ್ನಯ ಹಾಳೆಯನ್ನು ಬೆಳಕಿಗೆ ಹಿಡಿದ. "ಕೋರ್ಟಿನ ಕಾಗದ ಟೈಪ್ ಮಾಡುವವರು ಹೀಗೆ ಬಿಡುವುದು ಸರ್. ದಾರ ಕಟ್ಟಿದರೂ ಅಕ್ಷರ ಹೋಗಬಾರದು ಅಂತ."

"ಗೌಸನ ಕೆಲಸ ಏನು?" ಈಶ್ವರ ಅಮಿತನನ್ನು ಕೇಳಿದ.

"ಬೈಕುಲ್ಲಾದಲ್ಲಿ ಟೈಪಿಂಗ್ ಅಂಗಡಿ ಸರ್. ಅಫಿಡವಿಟ್, ಅರ್ಜಿ ಎಲ್ಲ."

ಗುಮಾಸ್ತನೇ ಕಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಶ್ವರನಿಗೆ ಅನ್ನಿಸಿತು. ಆ ಹೆಂಗಸಿಗೆ ಹೋಗಿ ಏನೆಂದು ಹೇಳುವುದು?

ಮಧ್ಯಾಹ್ನ ಮೂರೂ ನಲವತ್ತಕ್ಕೆ ಬೈಕುಲ್ಲಾ. ಗೌಸನಿಗೆ ಐವತ್ತು, ಬೆರಳಿಗೆ ಬಿಡುವಿಲ್ಲದ ಕೆಲಸಗಾರ. ಈಶ್ವರ ಎದುರಿನ ಸ್ಟೂಲಿನಲ್ಲಿ ಕೂತ.

"ಒಂದೆರಡು ಸಾಲು ಟೈಪ್ ಮಾಡಿ ತೋರಸ್ರಿ."

ಗೌಸ ಹೊಸ ಪುಟ ತೆರೆದ. ಒಂದಕ್ಷರ ಒತ್ತುವ ಮೊದಲೇ ಅವನ ಕೈ ತಾನಾಗಿ ಪೇಜ್ ಲೇಔಟಿಗೆ ಹೋಗಿ ಎಡ ಮಾರ್ಜಿನನ್ನು ಒಂದೂವರೆ ಇಂಚಿಗೆ ಸರಿಸಿತು. ಆಮೇಲೆ ಅವನು ಪರದೆ ನೋಡಿದ, ಇನ್‌ಸ್ಪೆಕ್ಟರನನ್ನು ನೋಡಿದ. ಕೈಗಳನ್ನು ಮಡಿಲಿಗೆ ಎಳೆದುಕೊಂಡ.

"ಬಾಕಿ ಪುಟದ ಮಾರ್ಜಿನ್ ನೋಡಿರಲಿಲ್ಲೇನು?"

"ನೋಡಿದ್ದೆ ಸಾಹೇಬ್ರ. ಅಕ್ಷರ ತೂತಾಗ ಹೋಗೂ ಹಂಗ ಟೈಪ್ ಮಾಡಾಕ ಕೈ ಬರಲಿಲ್ಲ."

ಡ್ರಾಯರಿನಲ್ಲಿ, ಫೈಲಿನಿಂದ ತೆಗೆದಿಟ್ಟಿದ್ದ ಅಸಲು ಎರಡನೇ ಪುಟ ಸಿಕ್ಕಿತು. ಕರಾರಿನ ಹಾಳೆಯನ್ನು ಹರಿದು ಬಿಸಾಡುವುದು ಅವನಿಂದ ಆಗಿರಲಿಲ್ಲ. ಪಕ್ಕದ ಅಂಗಡಿಯ ಇಬ್ಬರ ಸಮಕ್ಷಮ ಪಂಚನಾಮೆ ಮುಗಿಸಿ, ಐದೂ ಹತ್ತಕ್ಕೆ ಅವನನ್ನು ಬಂಧಿಸಲಾಯಿತು.

"ಯಾಕ ಮಾಡಿದಿ?"

"ಅಸಲಿನಾಗ ಏಳನೇ ಸಾಲು ಓದ್ರಿ."

ಈ ಖೋಲಿಯಲ್ಲಿ ಅರ್ಜಿದಾರಳು ಒಬ್ಬಳೇ ವಾಸ, ಬೇರೆ ಯಾರೂ ಎಂದೂ ವಾಸಿಸಿಲ್ಲ ಎಂದಿತ್ತು.

"ಅವ್ವ ಸತ್ತಾಗ ನಾ ನಾಕ ವರ್ಷದಾಂವ. ಆಪಾ, ನಮ್ಮಕ್ಕ, ತನ್ನ ಖೋಲಿಗೆ ಕರಕೊಂಡು ಬಂದ್ಲು. ಹತ್ತೊಂಬತ್ತು ವರ್ಷ ಅದೇ ಖೋಲ್ಯಾಗ ಮಲಗೇನಿ. ಆಪಾಗ ಮರಾಠಿ ಓದಾಕ ಬರೂದಿಲ್ಲ, ಈ ಕರಾರು ನಾನೇ ಓದಿ ಹೇಳಿದೆ. ಆ ಸಾಲಿಗೂ ಹೂಂ ಅಂದ್ಲು, ಹೆಬ್ಬೆಟ್ಟು ಒತ್ತಿದ್ಲು. ಎರಡು ವರ್ಷ ಅದು ನನ್ನ ತಲ್ಯಾಗಿಂದ ಹೋಗಲಿಲ್ರಿ."

"ಅದಕ್ಕ ಆಕೀನ್ನ ಬೀದಿಗೆ ಹಾಕಾಂವ ಇದ್ದಿ?"

ಗೌಸ ಕಂಪ್ಯೂಟರ್ ಆರಿಸಿ ಎದ್ದು ನಿಂತ.

ಏಳು ಗಂಟೆಗೆ ಠಾಣೆಯಲ್ಲಿ ಜೇಬುನ್ನೀಸಾಳ ಮರುಹೇಳಿಕೆ. ಗೌಸ ಮಾಡಿದ್ದನ್ನು ತಿಳಿಸಿ, ಮನೆ ಅವಳಿಗೇ ಸಿಗುತ್ತದೆ ಎಂದು ಈಶ್ವರ ಹೇಳಿದ. ಅವಳು ತಲೆ ಎತ್ತಲಿಲ್ಲ. ಏಳನೇ ಸಾಲನ್ನು ಓದಿ ಹೇಳಿದಾಗ ಮಾತ್ರ ಹಾಳೆಯತ್ತ ನೋಡಿದಳು.

"ಕಾಗದ ಓದೂಮುಂದ ನಾ ಏನ್ ಕೇಳಿದೆನೋ, ಏನ್ ಬಿಟ್ಟೆನೋ. ಓದಾಂವ ಗೌಸ ಅಂತ ಎಲ್ಲಾದಕ್ಕೂ ಹೂಂ ಅಂದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಬರಕೋರಿ. ಹತ್ತೊಂಬತ್ತು ವರ್ಷ ನನ್ನ ತಮ್ಮನೂ ಅಲ್ಲೇ ಇದ್ದ ಅಂತ."

"ಅದರಿಂದ ಕೇಸ್ ಹೋಗೂದಿಲ್ರಿ."

"ಗೊತ್ತೈತ್ರಿ. ಆದ್ರೂ ಬರೀರಿ."

ತನಿಖೆಗೆ ಬೇಕಿಲ್ಲದ ಆ ಸಾಲನ್ನು ಈಶ್ವರ ಬರೆದ. ಅವಳು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಅವಳು ಹೋದ ಮೇಲೆ ಅವನು ಹಾಳೆ ಹಿಡಿದು ಲಾಕಪ್ಪಿನ ಹತ್ತಿರ ಹೋಗಿ ಆ ಒಂದು ಸಾಲನ್ನಷ್ಟೇ ಓದಿದ. ಗೋಡೆಗೆ ಮುಖ ಮಾಡಿ ಕೂತಿದ್ದ ಗೌಸ ಎದ್ದು ಬಂದು ಸರಳು ಹಿಡಿದುಕೊಂಡ.

"ಇನ್ನೊಮ್ಮೆ ಓದ್ರಿ ಸಾಹೇಬ್ರ," ಅಂದ.