ಮೂಲದರ್ಶಕಕ್ಕೆ ಕಾಣದ ಕೈ

ಬಂಗಾರದ ಬಣ್ಣದ ಪಟ್ಟಿಯೊಂದು ಕತ್ತಲೆಯಿಂದ ಸುರುಳಿ ಸುತ್ತುತ್ತ ಬಂದು, ಒಮ್ಮೆ ಹೊರಳಿ, ‘ನುಡಿ’ ಎಂಬ ಎರಡು ಅಕ್ಷರಗಳಾಗಿ ನಿಂತಿತು. ಐದೇ ಸೆಕೆಂಡಿನ ಚಿತ್ರ. ಮೂಲದರ್ಶಕ ಯಂತ್ರ ಅದನ್ನು ನೋಡಿ, ಮೊದಲು ಬಣ್ಣವನ್ನು ಕಿತ್ತುಹಾಕಿತು. ಆಮೇಲೆ ಅಕ್ಷರಗಳನ್ನು, ಪಟ್ಟಿಯನ್ನು, ಕತ್ತಲೆಯನ್ನೂ ತೆಗೆಯಿತು. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಉಳಿದದ್ದು ಬರೀ ಚಲನೆ, ಕೆಲವು ಬೆಳಕಿನ ಚುಕ್ಕಿಗಳ ಓಡಾಟ. ಮರುಕ್ಷಣ ಅವುಗಳ ಪಕ್ಕದಲ್ಲಿ ಒಂದು ಕುಂಬಳದ ಬಳ್ಳಿ ಮೂಡಿತು. ಯಾರೋ ಹಿತ್ತಲಲ್ಲಿ ಕ್ಯಾಮೆರಾ ಇಟ್ಟು ದಿನವಿಡೀ ತೆಗೆದಿದ್ದ ಚಿತ್ರ ಅದು. ಬಳ್ಳಿಯ ಎಳೆಯ ಕುಡಿ ಆಸರೆ ಹುಡುಕುತ್ತ ಗಾಳಿಯಲ್ಲಿ ಹೊರಳಿ ಒಂದು ಕೋಲನ್ನು ಸುತ್ತಿಕೊಂಡಿತು. ಚುಕ್ಕಿಗಳೂ ಕುಡಿಯೂ ಒಂದೇ ತಾಳದಲ್ಲಿ ತಿರುಗಿ, ಒಟ್ಟಿಗೇ ನಿಂತವು.

“ಇದು ನಿಮ್ಮದಲ್ರಿ, ಕುಂಬಳಬಳ್ಳೀದು,” ಎಂದು ಯಂತ್ರವಿದ್ದ ಪ್ರಯೋಗಾಲಯದ ಡಾ. ಮೆಹಬೂಬ್ ನದಾಫ್ ನಕ್ಕರು.

ರೋಹಿಣಿ ಕುಬಸದ ನಗಲಿಲ್ಲ. ಆಕೆಯ ಕಸುಬು ಚಲನಚಿತ್ತಾರ. ಜಾಹೀರಾತಿನಲ್ಲಿ ಅಕ್ಷರಗಳನ್ನು ಕುಣಿಸುವುದು, ಸಿನಿಮಾ ಶುರುವಾಗುವ ಮುಂಚೆ ಹೆಸರುಗಳು ಬಂದು ಹೋಗುವ ಶೀರ್ಷಿಕೆ ದೃಶ್ಯ ಕಟ್ಟುವುದು, ಟಿವಿ ವಾಹಿನಿಗಳಿಗೆ ಗುರುತುಚಿತ್ರ ಮಾಡುವುದು. ಕಾರ್ಯಕ್ರಮಗಳ ನಡುವೆ ವಾಹಿನಿ ತನ್ನ ಮುಖ ತೋರಿಸಿ ಮಾಯವಾಗುತ್ತದಲ್ಲ, ಅದೇ ಗುರುತುಚಿತ್ರ. ಚಿತ್ರ ಹೆಣೆಯುವ ಯಂತ್ರಗಳು ಬಂದ ಮೇಲೆ ಇಂಥವು ನಿಮಿಷಕ್ಕೆ ಸಾವಿರದಂತೆ ಹುಟ್ಟತೊಡಗಿ, ಎಲ್ಲ ವಾಹಿನಿಗಳ ಮುಖವೂ ಒಂದೇ ಥರ ಕಾಣತೊಡಗಿತ್ತು. ಬೇಸತ್ತ ಮಾಲೀಕರು ಒಂದು ಷರತ್ತು ಹಾಕಿದರು. ಗುರುತುಚಿತ್ರದ ಚಲನೆ ಬೇರೆಲ್ಲೂ ಇಲ್ಲದ್ದಾಗಿರಬೇಕು, ಅದನ್ನು ಹುಬ್ಬಳ್ಳಿಯ ಮೂಲದರ್ಶಕವೇ ಒಪ್ಪಬೇಕು. ಹೊಸದಾಗಿ ಬರಲಿದ್ದ ನುಡಿ ವಾಹಿನಿಗಾಗಿ ರೋಹಿಣಿ ತಿಂಗಳುಗಟ್ಟಲೆ ಈ ಗೋಡೆಯ ಮುಂದೆ ನಿಂತು ಸೋಲುತ್ತಿದ್ದಳು.

ಸೋಲಿನಲ್ಲೂ ಒಂದು ಬೆರಗಿತ್ತೆನ್ನಿ. ಸೀರೆಯ ಜಾಹೀರಾತಿಗೆಂದು ಅವಳು ಹಾರಿಸಿದ್ದ ಸೆರಗಿನ ಬಳುಕು ಗುರುಗ್ರಹದ ಮೋಡಗಳದ್ದು ಎಂದು ಯಂತ್ರ ತೋರಿಸಿತ್ತು. ಶೀರ್ಷಿಕೆ ದೃಶ್ಯವೊಂದರಲ್ಲಿ ಹೆಸರುಗಳು ಚದುರಿ ಕೂಡುವ ಬಗೆ, ಸಂಜೆ ಗೂಡಿಗೆ ಮರಳುವ ಕಬ್ಬಕ್ಕಿಗಳದ್ದು. ಸಾಬೂನಿನ ನೊರೆ ಅರಳಿದ್ದು, ಸೂಕ್ಷ್ಮದರ್ಶಕದಡಿ ಒಂದು ಜೀವಕೋಶ ಎರಡಾಗುವ ರೀತಿಯಲ್ಲಿ. ತನ್ನ ತಲೆಯಲ್ಲೇ ಹುಟ್ಟಿದ್ದೆಂದು ಬೀಗಿದ್ದೆಲ್ಲ ಎಲ್ಲೋ ನೀರಲ್ಲಿ, ಆಕಾಶದಲ್ಲಿ ಮೊದಲೇ ನಡೆದಿತ್ತು. ಅದನ್ನು ನೋಡುವಾಗ ಅವಳಿಗೆ ಅವಮಾನವೂ ಆಗುತ್ತಿತ್ತು, ಮೈ ಜುಮ್ಮೆನ್ನುತ್ತಲೂ ಇತ್ತು.

“ಹಂಗಾರ ಹೊಸಾದು ಅನ್ನೂದ ಇಲ್ಲೇನ್ರಿ ಸರ್?”

“ನೋಡ್ರಿ, ಮನುಷ್ಯಾ ಕ್ಯಾಮೆರಾ ಹಿಡದಾಗಿಂದ ಕಡಲ ತಳಾನೂ ಬಿಟ್ಟಿಲ್ಲ, ಚಂದ್ರನ ಬೆನ್ನೂ ಬಿಟ್ಟಿಲ್ಲ. ಎಲ್ಲಾ ನಮ್ಮ ಚಲನಕೋಶದಾಗ ಐತಿ. ಯಾವ ಕ್ಯಾಮೆರಾನೂ ನೋಡದ್ದು ಏನರ ಬಂದ್ರ ಅಷ್ಟ ಆ ಹಸಿರು ದೀಪ ಹತ್ತತೈತಿ.”

“ಒಂದ ಸಲನೂ ಹತ್ತಿಲ್ಲೇನು?”

“ಹತ್ತೇತಿ. ಬಲ್ಬ್ ಚಲೋ ಐತೋ ಇಲ್ಲೋ ಅಂತ ನಾವ ಹಚ್ಚಿ ನೋಡಿದ್ವಿ.” ನದಾಫರು ದೀಪದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು. “ಅದಿರ್ಲಿ, ನಿಮ್ಮ ಚಿಗವ್ವ ಹ್ಯಾಂಗದಾರ?”

“ಹಂಗ ಅದಾಳ್ರಿ. ಕೈ ಕಟ್ಕೊಂಡು ಕುಂತಬಿಟ್ಟಾಳ.”

ಚಿಗವ್ವನೆಂದರೆ ರೋಹಿಣಿಯ ತಾಯಿಯ ತಂಗಿ ನೀಲವ್ವ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಮನೆಯವರು ಶಾಲೆಗೆ ಕಳಿಸಲಿಲ್ಲವಾದ್ದರಿಂದ ಕಿವುಡರ ಸನ್ನೆಭಾಷೆಯೂ ಬಾರದು. ಆದರೆ ಅಕ್ಕತಂಗಿಯರಿಬ್ಬರೂ ಅಡುಗೆಮನೆಯಲ್ಲಿ ಕೂತು ತಮ್ಮದೇ ಒಂದು ಕೈಭಾಷೆ ಕಟ್ಟಿಕೊಂಡಿದ್ದರು. ಅದರಲ್ಲಿ ಬೈಗುಳಗಳಿದ್ದವು, ನೆರೆಹೊರೆಯವರಿಗೆಲ್ಲ ಅಡ್ಡಹೆಸರುಗಳಿದ್ದವು, ಹೊಟ್ಟೆ ಹುಣ್ಣಾಗುವಷ್ಟು ನಗು ಇತ್ತು. ರೋಹಿಣಿ ಕಲಿತದ್ದು ನೀರು, ಗುಳಿಗೆ, ಹಾಸಿಗೆಯಂಥ ನಾಲ್ಕು ಮಾತು ಮಾತ್ರ. ಆ ಭಾಷೆ ಬಲ್ಲವರು ಲೋಕದಲ್ಲಿ ಇಬ್ಬರೇ ಇದ್ದರು. ಹೋದ ವರ್ಷ ಅಕ್ಕ ತೀರಿಕೊಂಡ ಮೇಲೆ ಉಳಿದವಳು ಒಬ್ಬಳೇ. ಅವಳ ಕೈಗಳು ಮಡಿಲಲ್ಲಿ ಬಿದ್ದುಕೊಂಡಿರುತ್ತಿದ್ದವು. ರೋಹಿಣಿಯ ಕಣ್ಣೆದುರಿಗೇ ಒಂದು ಭಾಷೆ ಹೀಗೆ ಸಾಯುತ್ತಿತ್ತು.

ಅಂದು ಸಂಜೆ ಅವಳು ಸೋತ ಮುಖ ಹೊತ್ತು ಮನೆಗೆ ಬಂದಾಗ ನೀಲವ್ವ ಬಾಗಿಲಲ್ಲೇ ನಿಂತಿದ್ದಳು. ಅವಳು ಬಿಡದೆ ಆಡುತ್ತಿದ್ದ ಮಾತು ಈಗ ಒಂದೇ. ಬಲಗೈಯ ಬೆರಳುಗಳು ತುತ್ತು ಹಿಡಿದಂತೆ ಕೂಡಿ ಹೊಟ್ಟೆಯ ಬಳಿಯಿಂದ ಮೇಲೆದ್ದವು. ಬಾಯಿ ಮುಟ್ಟುವ ಮುನ್ನ ನಿಂತವು. ತಿರುಗಿ ಎದುರಿನವಳ ಕಡೆ ಮೆಲ್ಲಗೆ ಅರಳಿದವು, ಅರಳಿ ಹಾಗೇ ಕಾದವು. ಆ ಕಾಯುವುದೇ ಪ್ರಶ್ನೆ: ಊಟ ಆತೇನು?

ರೋಹಿಣಿ ಉತ್ತರಿಸುವುದನ್ನು ಮರೆತು ಆ ಕೈಯನ್ನೇ ನೋಡಿದಳು. ಏಳುವಾಗಿನ ವೇಗ, ನಡುವಿನ ತಡೆ, ಕೊನೆಯ ಕಾಯುವಿಕೆ. ಹುಟ್ಟಿದಂದಿನಿಂದ ಕಂಡಿದ್ದರೂ ಅದನ್ನು ಅವಳು ಚಲನೆಯೆಂದು ನೋಡಿದ್ದು ಅದೇ ಮೊದಲು.

ಮರುದಿನ ಪ್ರಯೋಗಾಲಯಕ್ಕೆ ಬರಬೇಕೆಂದು ಚಿಗವ್ವನಿಗೆ ತಿಳಿಸುವಷ್ಟರಲ್ಲಿ ರೋಹಿಣಿಗೆ ಸಾಕುಬೇಕಾಯಿತು. ಕ್ಯಾಮೆರಾ ಎಂದು ಅರ್ಥವಾದದ್ದೇ ತಡ, ನೀಲವ್ವ ಪೆಟ್ಟಿಗೆಯಿಂದ ಹೊಸ ಇಳಕಲ್ ಸೀರೆ ತೆಗೆದು ಉಟ್ಟಳು, ತಲೆಗೆ ಹೂವನ್ನೂ ಮುಡಿದಳು. ಯಂತ್ರ ಸೀರೆ, ಹೂವು, ಮೈ ಎಲ್ಲವನ್ನೂ ತೆಗೆದುಹಾಕುತ್ತದೆಂದು ಹೇಳುವ ಸನ್ನೆ ರೋಹಿಣಿಗೆ ಬರುತ್ತಿರಲಿಲ್ಲ, ಬಂದಿದ್ದರೂ ಹೇಳುವ ಮನಸ್ಸಿರಲಿಲ್ಲ.

ಪ್ರಯೋಗಾಲಯದ ಗೋಡೆಯ ಮೇಲೆ ಅವಳ ಬೆರಳುಗಳು ಐದು ಚುಕ್ಕಿಗಳಾಗಿ ಕೂಡಿ ಮೇಲೆದ್ದು, ನಿಂತು, ತಿರುಗಿ, ಅರಳಿ ಕಾದವು. ಪಕ್ಕದಲ್ಲಿ ಬಳ್ಳಿ ಮೂಡಲಿಲ್ಲ, ಹಕ್ಕಿ ಮೂಡಲಿಲ್ಲ. ಯಂತ್ರ ಹುಡುಕಿತು, ಮತ್ತೆ ಹುಡುಕಿತು. ಗೋಡೆಯ ಇನ್ನರ್ಧ ಖಾಲಿಯಾಗಿಯೇ ಉಳಿಯಿತು. ನದಾಫರು ಕುರ್ಚಿಯಿಂದ ಎದ್ದು ನಿಂತರು.

ಹಸಿರು ದೀಪ ಹೊತ್ತಿತು.

“ಯಾ ಅಲ್ಲಾ,” ಎಂದರು ಅವರು, ಪಿಸುಮಾತಿನಲ್ಲಿ.

ಆಗ ನೀಲವ್ವ ಒಂದು ಕೆಲಸ ಮಾಡಿದಳು. ಗೋಡೆಯ ಮೇಲೆ ಆಳೆತ್ತರಕ್ಕೆ ಅರಳಿ ಕಾಯುತ್ತಿದ್ದ ಚುಕ್ಕಿಗಳನ್ನು ದಿಟ್ಟಿಸಿ, ಅಂಗೈಯನ್ನು ಎದೆಗೊತ್ತಿ ಹೊಟ್ಟೆಯವರೆಗೆ ಇಳಿಸಿದಳು. ಆತು, ನಂದಾತು. ಯಾರೋ ತನ್ನ ಭಾಷೆಯಲ್ಲಿ ಕೇಳಿದ್ದರು, ಅವಳು ಉತ್ತರ ಕೊಟ್ಟಿದ್ದಳು. ಕ್ಯಾಮೆರಾ ಅದನ್ನೂ ಹಿಡಿಯಿತು. ಹಸಿರು ದೀಪ ಆರಿ ಮತ್ತೊಮ್ಮೆ ಹೊತ್ತಿತು.

“ಇದೂ ಇಲ್ಲ! ಇಡೀ ಭಾಷಾನ ಇಲ್ಲ!” ನದಾಫರು ಗೋಡೆಯ ಹತ್ತಿರಕ್ಕೆ ಬಂದರು. “ಇದು ಹ್ಯಾಂಗ ತಪ್ಪಿಸಿಕೊಂತು? ನಿಮ್ಮ ಮನ್ಯಾಗ ಮದುವಿ ಕಾರ್ಯ ವಿಡಿಯೋ ತಗಸೂದಿಲ್ಲೇನ್ರಿ?”

ತೆಗೆಸುತ್ತಿದ್ದರು. ಪ್ರತಿ ಮದುವೆಯ ವಿಡಿಯೋದಲ್ಲೂ ನೀಲವ್ವ ಇದ್ದಳು, ಎರಡೂ ಕೈಗಳನ್ನು ಸೆರಗಿನಡಿ ಮುಚ್ಚಿಕೊಂಡು. ಕ್ಯಾಮೆರಾ ಬಂತೆಂದರೆ ರೋಹಿಣಿಯ ಅಜ್ಜಿ ಅವಳ ಕೈಗಳನ್ನು ಹಿಡಿದು ಮಡಿಲಿಗೆ ಒತ್ತುತ್ತಿದ್ದಳು, ಮಂದಿ ನೋಡಿಯಾರೆಂದು. ಅಜ್ಜಿಯ ನಂತರ ರೋಹಿಣಿಯ ತಾಯಿಯೂ ಹಾಗೇ ಮಾಡಿದ್ದಳು. ಕಡಲ ತಳಕ್ಕೂ ಹೋಗಿ ಬಂದ ಕ್ಯಾಮೆರಾಗಳಿಗೆ ಹುಬ್ಬಳ್ಳಿಯ ಒಂದು ಮನೆಯ ನಾಚಿಕೆ ಅಡ್ಡ ಬಂದಿತ್ತು. ರೋಹಿಣಿ ಅದನ್ನೆಲ್ಲ ಹೇಳಿ ಮುಗಿಸುವಾಗ ಅಳುತ್ತಿದ್ದಳು.

“ವಾಹಿನಿಗೆ ಕೊಡೂ ಮೊದಲ ಅವರನ್ನ ಕೇಳ್ರಿ,” ಎಂದರು ನದಾಫರು.

ರೋಹಿಣಿ ಟಿವಿಯನ್ನು ತೋರಿಸಿ, ಕಿಟಕಿಯಾಚೆಯ ಬೀದಿಯನ್ನು ತೋರಿಸಿ, ಎಲ್ಲರೂ ನಿನ್ನ ಕೈ ನೋಡುತ್ತಾರೆಂದು ಹೇಗೋ ತಿಳಿಸಿದಳು. ನೀಲವ್ವ ಎದ್ದು ಕಿಟಕಿಯ ಬಳಿ ಹೋಗಿ, ಬೀದಿಯ ಕಡೆಗೆ ಕೈಯೆತ್ತಿ ದೊಡ್ಡದಾಗಿ ಕೇಳಿದಳು: ಊಟ ಆತೇನು?

ಸದ್ದಿಲ್ಲದ ಗುರುತುಚಿತ್ರ ಕಂಡು ನುಡಿ ವಾಹಿನಿಯವರು ಮೊದಲು ಮುಖ ಸಿಂಡರಿಸಿದರು. ಆದರೆ ಪೇಟೆಯ ಪರದೆಗಳೆಲ್ಲ ಕಿರುಚುತ್ತಿದ್ದ ಕಾಲವದು. ಐದು ಚುಕ್ಕಿಗಳು ಸುಮ್ಮನೆ ಮೇಲೆದ್ದು ಅರಳಿ ಕಾಯುವಾಗ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆಯೆತ್ತಿದರು. ಅದರ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಆದರೂ ಏನೋ ಕೇಳಿದಂತೆ, ತಮ್ಮನ್ನೇ ಕೇಳಿದಂತೆ ಎಲ್ಲರಿಗೂ ಅನಿಸುತ್ತಿತ್ತು. ಮಕ್ಕಳು ಬೆರಳು ಕೂಡಿಸಿ ಒಬ್ಬರಿಗೊಬ್ಬರು ಮಾಡಿ ತೋರಿಸಿದರು. ಮಕ್ಕಳಿಂದ ದೊಡ್ಡವರಿಗೆ ಅಂಟಿತು.

ಇದನ್ನು ರೋಹಿಣಿ ಕಣ್ಣಾರೆ ಕಂಡದ್ದು ಚಿಗವ್ವನ ಜೊತೆ ಸಂತೆಗೆ ಹೋದಾಗ. ಕಾಯಿಪಲ್ಲೆ ಮಾರುವ ಹೆಂಗಸು ಟಿವಿಯಲ್ಲಿ ಕಂಡ ಚಂದಕ್ಕೆ, ಗಿರಾಕಿಯನ್ನು ಕರೆಯುವಂತೆ ನೀಲವ್ವನ ಕಡೆ ಆ ಸನ್ನೆ ಮಾಡಿದಳು. ನೀಲವ್ವ ನಿಂತುಬಿಟ್ಟಳು. ಅಕ್ಕ ಹೋದ ಮೇಲೆ ಒಬ್ಬ ಮನುಷ್ಯ ತಾನಾಗಿ ಅವಳ ಊಟದ ವಿಚಾರ ಕೇಳಿದ್ದು ಅದೇ ಮೊದಲು. ಅಂಗೈಯನ್ನು ಎದೆಗೊತ್ತಿ ಇಳಿಸಿ, ನಂದಾತು ಎಂದಳು. ಕೂಡಲೇ ಕೈ ಚಾಚಿ, ನಿಂದು? ಎಂದಳು.

“ಏನಂತಾರವ್ವ ಅಜ್ಜಿ?” ಎಂದು ಹೆಂಗಸು ಕೇಳಿದಳು.

“ಊಟ ಆತೇನು ಅಂತ ನೀನ ಕೇಳಿದೆಲ್ಲವ್ವ. ಆಗೇತಿ, ನಿಂದು ಆತೇನು ಅಂತಾಳ,” ಎಂದಳು ರೋಹಿಣಿ.

“ಅಯ್ಯ, ಅದಕ್ಕ ಹಂಗಂತಾರೇನು!” ಹೆಂಗಸು ಅಂಗೈಯನ್ನು ಎದೆಗೊತ್ತಿ ಇಳಿಸಿದಳು. ಪಕ್ಕದಲ್ಲಿ ನಿಂಬೆಹಣ್ಣು ಮಾರುವವನೂ ನೋಡಿ ಕಲಿತ. ಅಂದು ಸಂತೆಯಲ್ಲಿ ಸುರುವಾದ ಮಾತು ಬಸ್ಸು ಹತ್ತಿತು, ಆ ಕಾಲದಲ್ಲೂ ಹುಬ್ಬಳ್ಳಿಯ ಬಸ್ಸಿಗಿದ್ದ ಕಂಡಕ್ಟರನ ಕೈಗೂ ಬಂತು. ಮರುದಿನದಿಂದ ನೀಲವ್ವ ಒಬ್ಬಳೇ ಪೇಟೆಗೆ ಹೊರಡತೊಡಗಿದಳು. ಹೋದಲ್ಲೆಲ್ಲ ಜನ ಅವಳಿಂದ ಇನ್ನೊಂದೆರಡು ಮಾತು ಕಲಿತು ಕಳಿಸುತ್ತಿದ್ದರು.

ಕೆಲವು ತಿಂಗಳ ಮೇಲೆ ವಾಹಿನಿಯವರು ಪ್ರಯೋಗಾಲಯಕ್ಕೆ ದೌಡಾಯಿಸಿದರು. ತಮ್ಮ ಗುರುತು ಊರವರ ಗುರುತಾಗಿಬಿಟ್ಟಿದೆ, ಪರೀಕ್ಷಿಸಿ ಹೇಳಿ ಎಂದು ಪಟ್ಟು ಹಿಡಿದರು. ನದಾಫರು ಐದು ಚುಕ್ಕಿಗಳನ್ನು ಮತ್ತೆ ಯಂತ್ರಕ್ಕೆ ಕೊಟ್ಟರು. ಗೋಡೆಯ ಖಾಲಿ ಅರ್ಧ ಈಗ ಕೈಗಳಿಂದ ತುಂಬಿಹೋಯಿತು. ಬೀದರಿನ ಶಾಲೆಯಂಗಳದ ಕೈಗಳು, ಕಾರವಾರದ ದೋಣಿಯ ಮೇಲಿನ ಕೈಗಳು, ಆಸ್ಪತ್ರೆಯ ಗಾಜಿನಾಚೆಯಿಂದ ರೋಗಿಯನ್ನು ಕೇಳುವ ಕೈಗಳು. ಹಸಿರು ದೀಪ ಹೊತ್ತಲಿಲ್ಲ. ಯಂತ್ರ ಪದ್ಧತಿಯಂತೆ ಎಲ್ಲಕ್ಕಿಂತ ಹಳೆಯ ಚಿತ್ರವನ್ನು ಮೂಲವೆಂದು ಮುಂದೆ ತಂದು ನಿಲ್ಲಿಸಿತು. ಹೊಸ ಇಳಕಲ್ ಸೀರೆಯುಟ್ಟು ಹೂ ಮುಡಿದ ಒಬ್ಬ ಮುದುಕಿ ಗೋಡೆಯ ತುಂಬ ನಿಂತು ಎಲ್ಲರನ್ನೂ ಕೇಳುತ್ತಿದ್ದಳು. ವಾಹಿನಿಯ ಮುಖ್ಯಸ್ಥರು ಎದೆಯ ಮೇಲೆ ಅಂಗೈ ಇಟ್ಟು ಕೆಳಗಿಳಿಸಿದರು.

ಅಂದು ಸಂಜೆ ನೀಲವ್ವ ಪೇಟೆಯಿಂದ ಬಂದು ಮಣೆಯ ಮೇಲೆ ಕೂತು ಎರಡೂ ಕೈಗಳನ್ನು ರೋಹಿಣಿಯ ಮುಂದೆ ಚಾಚಿದಳು. ಮಣಿಕಟ್ಟು ನೋಯುತ್ತಿತ್ತು. ಇಡೀ ಊರಿಗೆ ಉತ್ತರ ಹೇಳಿ ಹೇಳಿ ಬೆರಳು ಬಾತುಕೊಂಡಿದ್ದವು. ರೋಹಿಣಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದು, ಆ ಕೈಗಳನ್ನು ತನ್ನ ಕೈಯೊಳಗೆ ಹಿಡಿದು ಮೆಲ್ಲಗೆ ತಿಕ್ಕತೊಡಗಿದಳು. ಒಂದು ನಿಮಿಷವೂ ಆಗಿರಲಿಲ್ಲ, ನೀಲವ್ವ ತಾಳ್ಮೆಗೆಟ್ಟು ಬಲಗೈಯನ್ನು ಕಿತ್ತುಕೊಂಡಳು. ಸಂತೆಯ ಸುದ್ದಿ ಹೇಳುವುದು ಇನ್ನೂ ಬಹಳ ಉಳಿದಿತ್ತು.